ಸ್ಲೀಪ್ ಹಾಕಿ ಕೂರಬೇಡಿ, ಪುಟವನ್ನು ಕೇಳಿ

ಬ್ರೌಸರ್ ಆಟೋಮೇಷನ್ ಕೋಡ್, ಅಂದರೆ ಬ್ರೌಸರನ್ನು ತಾನಾಗಿ ನಡೆಸುವ ಕೋಡ್, ಬರೆದವರು ಆಗಾಗ ಅದನ್ನು ನನಗೆ ಕಳಿಸಿ "ಒಂದ್ಸಲ ಓಡುತ್ತೆ, ಇನ್ನೊಂದ್ಸಲ ಓಡಲ್ಲ, ಸ್ವಲ್ಪ ನೋಡಿ" ಅನ್ನುತ್ತಾರೆ. ತೆರೆದರೆ ಬಹಳಷ್ಟು ಸಲ ಒಂದೇ ಕಥೆ. ಪುಟ ತೆರೆ, ಐದು ಸೆಕೆಂಡ್ ಸ್ಲೀಪ್ (ಏನೂ ಮಾಡದೆ ಸುಮ್ನೆ ಕಾಯೋದು). ಬಟನ್ ಒತ್ತು, ಮತ್ತೆ ಐದು ಸೆಕೆಂಡ್ ಸ್ಲೀಪ್. ಬ್ರೌಸರ್ ನಡೆಸುವ ಲೈಬ್ರರಿ ಸರಿಯಾಗಿಯೇ ಇದೆ. ತಾನು ಯಾವುದಕ್ಕಾಗಿ ಕಾಯುತ್ತಿದ್ದೇನೆ ಅನ್ನೋದು ಮಾತ್ರ ಆ ಕೋಡಿಗೆ ಗೊತ್ತಿಲ್ಲ.

ಲೈಬ್ರರಿಯ ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ. ಇಂಥ ಲೈಬ್ರರಿಗಳಲ್ಲಿ ಒಂದಾದ ಸೆಲೆನಿಯಮ್ 2004ರಿಂದ ಇದೆ. ಅದು ಬಳಸುವ ವೆಬ್‌ಡ್ರೈವರ್ ಅನ್ನೋ ಬ್ರೌಸರ್ ನಿಯಂತ್ರಣದ ವಿಧಾನ 2018ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾನದಂಡವೂ ಆಯಿತು. ನೀವು ಪೈಥಾನಿನಲ್ಲಿ ಒಂದು ಸಾಲು ಬರೆದರೆ ಲೈಬ್ರರಿ ಅದನ್ನು ಎಚ್‌ಟಿಟಿಪಿ ರಿಕ್ವೆಸ್ಟ್ ಮಾಡಿ ಕ್ರೋಮ್‌ಡ್ರೈವರ್‌ಗೆ ಕಳಿಸುತ್ತದೆ, ಕ್ರೋಮ್ ನಡೆಸುವ ಆ ಪ್ರೋಗ್ರಾಂ ಬ್ರೌಸರಿಗೆ ಹೇಳುತ್ತದೆ, ಉತ್ತರ ಜೇಸನ್ (ಡೇಟಾ ಕಳಿಸುವ ಒಂದು ಪಠ್ಯರೂಪ) ಆಗಿ ವಾಪಸ್ ಬರುತ್ತದೆ. 2017ರಲ್ಲಿ ಬಂದ ಪಪೆಟಿಯರ್, 2020ರಲ್ಲಿ ಬಂದ ಪ್ಲೇರೈಟ್ ಅನ್ನೋ ಲೈಬ್ರರಿಗಳು ಬ್ರೌಸರಿನ ಜೊತೆ ಸದಾ ತೆರೆದಿರುವ ಸಂಪರ್ಕ ಇಟ್ಟುಕೊಳ್ಳುತ್ತವೆ. ಹಾಗಾಗಿ ಪುಟದಲ್ಲಿ ಏನಾದರೂ ಆದ ಕೂಡಲೇ ಬ್ರೌಸರೇ ಸುದ್ದಿ ಕೊಡುತ್ತದೆ.

ಈಗ ಆ ಐದು ಸೆಕೆಂಡಿಗೆ ಬರೋಣ. ಪುಟ "ಲೋಡ್ ಆಯಿತು" ಅಂದರೆ ಎಚ್‌ಟಿಎಂಎಲ್, ಅದರಲ್ಲಿ ಹೇಳಿದ ಚಿತ್ರಗಳು, ಸ್ಕ್ರಿಪ್ಟುಗಳು ಬಂದವು ಅಂತ ಅಷ್ಟೇ. ನಿಮಗೆ ಬೇಕಾದ ಟೇಬಲ್ ಆಗ ಖಾಲಿ ಡಬ್ಬಿಯಾಗಿ ಕೂತಿರಬಹುದು. ಸ್ಕ್ರಿಪ್ಟ್ ಆಮೇಲೆ ಸರ್ವರಿಗೆ ಇನ್ನೊಂದು ರಿಕ್ವೆಸ್ಟ್ ಕಳಿಸಿ, ಬಂದ ಡೇಟಾದಿಂದ ಸಾಲುಗಳನ್ನು ಕಟ್ಟುತ್ತದೆ. ಅದು ಒಂದು ಸೆಕೆಂಡಿನಲ್ಲಿ ಮುಗಿದರೆ ಉಳಿದ ನಾಲ್ಕು ಸುಮ್ನೆ ಹಾಳು. ಆರು ಸೆಕೆಂಡ್ ಹಿಡಿದರೆ ಕೋಡ್ ಬಿದ್ದುಹೋಗುತ್ತದೆ. ನೂರು ಪುಟ ಇದ್ದರೆ ಎಂಟು ನಿಮಿಷಕ್ಕಿಂತ ಜಾಸ್ತಿ ಹೊತ್ತು ಬರೀ ಸ್ಲೀಪ್, ಇಷ್ಟಾಗಿಯೂ ಗ್ಯಾರಂಟಿ ಇಲ್ಲ!

ಸೆಲೆನಿಯಮ್‌ನಲ್ಲಿ ವೆಬ್‌ಡ್ರೈವರ್‌ವೇಟ್ ಇರೋದು ಇದಕ್ಕೇ. "ಈ ಟೇಬಲಿನಲ್ಲಿ ಮೊದಲ ಸಾಲು ಕಾಣಿಸುವ ತನಕ ಕಾಯಿ, ಇಪ್ಪತ್ತು ಸೆಕೆಂಡ್ ದಾಟಿದರೆ ಎರರ್ ಕೊಡು" ಅಂತ ಹೇಳಿ. ಪೈಥಾನಿನಲ್ಲಿ ನೀವು ಬದಲಿಸದಿದ್ದರೆ ಅದು ಅರ್ಧ ಸೆಕೆಂಡಿಗೊಮ್ಮೆ ನೋಡುತ್ತದೆ, ಸಾಲು ಕಂಡ ಕೂಡಲೇ ಮುಂದೆ ಹೋಗುತ್ತದೆ. ಪ್ಲೇರೈಟ್ ಇನ್ನೂ ಒಂದು ಹೆಜ್ಜೆ ಮುಂದೆ. ಕ್ಲಿಕ್ ಮಾಡು ಅಂದರೆ ಮೊದಲು ಬಟನ್ ಕಾಣುತ್ತಿದೆಯಾ, ಅಲುಗಾಡದೆ ನಿಂತಿದೆಯಾ, ಅದರ ಮೇಲೆ ಬೇರೆ ಏನಾದರೂ ಬಂದು ಕೂತಿದೆಯಾ, ಒತ್ತಲು ಆಗುತ್ತದಾ ಅಂತ ತಾನೇ ಪರೀಕ್ಷಿಸುತ್ತದೆ. ಇಷ್ಟೆಲ್ಲ ಅದೇ ಮಾಡುವಾಗ ನಡುವೆ ನಾವು ಸ್ಲೀಪ್ ತುರುಕೋದು ಯಾಕೆ? ಹೊಸದಾಗಿ ಶುರುಮಾಡುವವರಿಗೆ ನಾನು ಪ್ಲೇರೈಟ್ ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಪುಟದಲ್ಲಿ ಬಟನ್, ಟೇಬಲ್ ಥರದ ಎಲಿಮೆಂಟ್ ಹುಡುಕುವಾಗಲೂ ಅಷ್ಟೇ. ಕಾಪಿ ಮಾಡಿದ ಉದ್ದನೆಯ ಎಕ್ಸ್‌ಪಾತ್ (ಪುಟದ ರಚನೆಯಲ್ಲಿ ಎಲಿಮೆಂಟ್ ತಲುಪುವ ದಾರಿ) ಪುಟದ ವಿನ್ಯಾಸ ಚೂರು ಬದಲಾದರೂ ಸಾಯುತ್ತದೆ, ಬಟನ್ ಮೇಲಿನ ಹೆಸರು ಹಿಡಿದು ಹುಡುಕಿದರೆ ಜಾಸ್ತಿ ದಿನ ಬಾಳುತ್ತದೆ.

ಇನ್ನೊಂದು ಮಾತು. ಎಷ್ಟೋ ಕೆಲಸಕ್ಕೆ ಬ್ರೌಸರೇ ಬೇಕಾಗಿರುವುದಿಲ್ಲ. ಕೋಡ್ ಶುರುಮಾಡುವ ಮೊದಲು ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬಿಗೆ ಹೋಗಿ, ಪುಟವನ್ನು ರಿಫ್ರೆಶ್ ಮಾಡಿ ನೋಡಿ. ನಿಮಗೆ ಬೇಕಾದ ಡೇಟಾ ಜೇಸನ್ ಆಗಿ ಬರುತ್ತಿರುವುದು ಅಲ್ಲೇ ಕಾಣಬಹುದು. ಆ ಸೈಟಿಗೆ ಅಧಿಕೃತ ಎಪಿಐ (ಪ್ರೋಗ್ರಾಂಗಳಿಗೆ ಡೇಟಾ ಕೊಡಲೆಂದೇ ಇರುವ ದಾರಿ) ಇದ್ದರಂತೂ ಅದನ್ನೇ ಬಳಸಿ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ ಬಳಸಿದ ನಾಲ್ಕು ಸಾಲಿನ ಕೋಡಿಗೆ ಆಗುವ ಕೆಲಸಕ್ಕೆ ನೂರಾರು ಎಂಬಿ ಮೆಮೊರಿ ತಿನ್ನುವ ಕ್ರೋಮ್ ಎಬ್ಬಿಸುವುದು ನನಗಂತೂ ಒಪ್ಪಿಗೆಯಿಲ್ಲ. ಎಬ್ಬಿಸಲೇಬೇಕಾದರೆ ಕೆಲಸ ಮುಗಿದ ಮೇಲೆ ಕ್ವಿಟ್ ಮಾಡಿ. ಕೋಡ್ ನಡುವೆ ಎರರ್ ಬಂದರೂ ಕ್ವಿಟ್ ಆಗುವ ಹಾಗೆ ಬರೆಯಿರಿ, ಇಲ್ಲಾಂದ್ರೆ ಹಿಂದೆ ಬಿಟ್ಟ ಕ್ರೋಮ್ ಪ್ರೋಸೆಸ್‌ಗಳು ಒಂದೊಂದಾಗಿ ಸೇರಿ ಸರ್ವರನ್ನೇ ಮಲಗಿಸುತ್ತವೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಬೇರೆಯವರ ಸರ್ವರ್ ಬಗ್ಗೆ ಯೋಚಿಸದೆ ಬರೆದ ಕೋಡ್ ನೋಡಿದಾಗ. ಆಟೋಮೇಷನ್ ಪ್ರೋಗ್ರಾಂಗಳು ಯಾವ ಪುಟಗಳಿಗೆ ಬರಬಾರದು ಅಂತ ಸೈಟ್ ಹೇಳುವ ಫೈಲ್ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ 1994ರಿಂದ ಬಳಕೆಯಲ್ಲಿದೆ, 2022ರಲ್ಲಿ ಆರ್‌ಎಫ್‌ಸಿ 9309 ಅನ್ನೋ ಇಂಟರ್ನೆಟ್ ಮಾನದಂಡವಾಗಿಯೂ ಬಂತು. ಸೆಲೆನಿಯಮ್ ಆಗಲಿ ಪ್ಲೇರೈಟ್ ಆಗಲಿ ಅದನ್ನು ನಿಮ್ಮ ಪರವಾಗಿ ಓದುವುದಿಲ್ಲ, ನೀವೇ ಓದಬೇಕು. ಸರ್ವರ್ 429 ಅನ್ನೋ ಎರರ್ ಸಂಖ್ಯೆ ಕಳಿಸಿತು ಅಂದರೆ "ತುಂಬಾ ಜಾಸ್ತಿ ಆಯಿತು, ನಿಧಾನ" ಅಂತ ಅದು ಹೇಳುತ್ತಿದೆ. ಜೊತೆಗೆ ರೀಟ್ರೈ-ಆಫ್ಟರ್ ಹೆಡರ್ ಇದ್ದರೆ ಎಷ್ಟು ಹೊತ್ತು ಬಿಟ್ಟು ಬರಬೇಕು ಅನ್ನೋದೂ ಅದರಲ್ಲೇ ಇರುತ್ತದೆ. ಅಷ್ಟು ಹೊತ್ತು ಕಾಯಿರಿ, ಆಗ ಸ್ಲೀಪ್ ಹಾಕಿದರೆ ನಾನೇನೂ ಅನ್ನುವುದಿಲ್ಲ. ಅದನ್ನು ಬಿಟ್ಟು ಸರ್ವರಿಗೆ ಗುರುತು ಸಿಗದ ಹಾಗೆ ಐಪಿ ವಿಳಾಸ ಬದಲಿಸುವುದು, ಆಟೋಮೇಷನ್ ಅಂತ ಬ್ರೌಸರ್ ತಾನೇ ಹೇಳಿಕೊಳ್ಳುವ ಗುರುತನ್ನು ಅಳಿಸುವ ಪ್ಯಾಕೇಜ್ ಹಾಕುವುದು, ಇಂಥ ಕೆಲಸಕ್ಕೆ ದಯವಿಟ್ಟು ನನ್ನ ಹತ್ತಿರ ಸಹಾಯ ಕೇಳಬೇಡಿ. ಸೈಟಿನವರಿಗೆ ಒಂದು ಇಮೇಲ್ ಬರೆದು "ಈ ಡೇಟಾ ಇಂಥದ್ದಕ್ಕೆ ಬೇಕಿತ್ತು, ಕೊಡ್ತೀರಾ" ಅಂತ ಕೇಳುವುದಿದ್ದರೆ ಹೇಳಿ, ಆ ಇಮೇಲ್ ಬರೆಯಲು ಖುಷಿಯಿಂದ ಜೊತೆಗೆ ಕೂರುತ್ತೇನೆ.