ಪೊರಕೆ ಹೋಗದ ಸೋಫಾ

ನಿನ್ನೆ ಸಂಜೆ ಅತ್ತೆಯ ಹೊಸ ಮನೆಗೆ ಹೋಗಿದ್ದೆ. ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಇಲ್ಲಿ ಬರೆದರಾದರೂ ಇಳಿಯುತ್ತದೇನೋ ನೋಡೋಣ.

ಮನೆ ಚೆನ್ನಾಗಿದೆ. ದೊಡ್ಡ ಕಿಟಕಿ. ಆಚೆ ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸು ಬಳ್ಳಿ, ಅದರ ಹಿಂದೆ ಮಂಜು. ಆದರೆ ಆ ಕಿಟಕಿಯ ಹತ್ತಿರ ಹೋಗಲು ದಾರಿಯೇ ಇಲ್ಲ. ಹಾಲ್ ತುಂಬ ಎಲ್ ಆಕಾರದ ದಪ್ಪ ಸೋಫಾ. ಅದರೆದುರು ಗಾಜಿನ ಟೀಪಾಯಿ, ಗೋಡೆಯುದ್ದಕ್ಕೂ ಶೋಕೇಸ್. ಸೋಫಾದ ಮೇಲೆ ಕೂತ ತಕ್ಷಣ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಒಕ್ಕಲಾಗಿ ಇನ್ನೂ ಒಂದು ವರ್ಷ ಆಗಿಲ್ಲ. ಬಗ್ಗಿ ನೋಡಿದೆ. ಸೋಫಾ ನೆಲಕ್ಕೆ ಅಂಟಿಕೊಂಡೇ ಇದೆ. ಅಡಿಗೆ ಪೊರಕೆ ಹೋಗುವುದಿಲ್ಲ, ಗಾಳಿಯೂ ಹೋಗುವುದಿಲ್ಲ.

ಅಷ್ಟಾದರೆ ಸುಮ್ಮನೆ ಬಂದುಬಿಡುತ್ತಿದ್ದೆ. ಕೈ ತೊಳೆಯಲು ಹಿಂದೆ ಹೋದೆ. ಸೌದೆ ಕೊಟ್ಟಿಗೆಯ ಹೊರಗೆ, ಸುರಿಯುವ ಮಳೆಯಲ್ಲಿ, ಅಜ್ಜನ ಹಲಸಿನ ಮರದ ಬೆಂಚು ಮಗುಚಿ ಬಿದ್ದಿತ್ತು.

ಆ ಬೆಂಚು ನಿಮ್ಮಲ್ಲಿ ಕೆಲವರಿಗೆ ಗೊತ್ತು, ನಮ್ಮ ಹಳೇ ಮನೆಗೆ ಬಂದವರೆಲ್ಲ ಅದರ ಮೇಲೆ ಕೂತವರೇ. ಒಂದು ಹಲಗೆ, ನಾಲ್ಕು ಕಾಲು, ಕಾಲುಗಳ ನಡುವೆ ಒಂದು ಅಡ್ಡಪಟ್ಟಿ. ಕೆತ್ತನೆ ಇಲ್ಲ, ಬಣ್ಣ ಇಲ್ಲ, ಮೊಳೆಯೂ ಇಲ್ಲ. ಹಲಗೆಗೆ ತೂತು ಕೊರೆದು ಕಾಲು ಕೂರಿಸಿ ಬೆಣೆ ಹೊಡೆದದ್ದು. ಮಧ್ಯಾಹ್ನ ಅಜ್ಜ ಅದರ ಮೇಲೆ ಮಲಗುತ್ತಿದ್ದರು. ಹುತ್ತರಿ ಸುಗ್ಗಿ ಹಬ್ಬಕ್ಕೆ ಜನ ಸೇರಿದಾಗ ಐದು ಜನ ಕೂರುತ್ತಿದ್ದರು. ಕಾಫಿ ಕೊಯ್ಲಿನ ಸಮಯದಲ್ಲಿ ಗೋಣಿ ಚೀಲ ಇಡಲೂ ಅದೇ. ಹಲಸು ಹಳತಾದಷ್ಟೂ ಜೇನಿನ ಬಣ್ಣ ಕಪ್ಪಾಗುತ್ತಾ ಹೋಗುತ್ತದೆ. ಆ ಬಣ್ಣಕ್ಕೇ ಕೈ ಸವರಬೇಕು ಅನಿಸುತ್ತದೆ.

ಈಗ ಮಿನಿಮಲಿಸ್ಟ್ ಅಂತ ಹೆಸರಿಟ್ಟು ಪಟ್ಟಣದಲ್ಲಿ ತೋರಿಸುವುದು ಇದನ್ನೇ ಅಲ್ವಾ? ಕಡಿಮೆ ಸಾಮಾನು, ಸರಳ ಗೆರೆ, ತೆಳ್ಳಗಿನ ಕಾಲು, ನಡುವೆ ಖಾಲಿ ಜಾಗ. ನನಗೆ ಅದು ತುಂಬಾ ಇಷ್ಟ. ಅಂಥ ಕೋಣೆಗೆ ಹೋದರೆ ಮೊದಲು ಕಾಣುವುದು ಬೆಳಕು, ಆಮೇಲೆ ಮನುಷ್ಯರು. ಕುರ್ಚಿ ಕೊನೆಗೆ ಕಾಣುತ್ತದೆ. ನಮ್ಮ ಕೊಡಗಿನಂಥ ಮಳೆ ಊರಿಗಂತೂ ಇದು ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಇಂಥ ಕಡೆ ಆರು ಇಂಚಿನ ಸ್ಪಂಜನ್ನು ಬಟ್ಟೆಯಲ್ಲಿ ಸುತ್ತಿ ನೆಲಕ್ಕೆ ಒತ್ತಿ ಇಟ್ಟರೆ ಏನಾಗುತ್ತದೆ? ಅಡಿಗೆ ಪೊರಕೆ ಹೋಗದ ಸಾಮಾನು ನಮ್ಮ ಊರಿಗೆ ಆಗುವುದಿಲ್ಲ. ಇದನ್ನು ಅತ್ತೆಗೆ ನಿನ್ನೆ ಮೂರು ಸಲ ಹೇಳಿದೆ.

ಅತ್ತೆ ಕೇಳಿದರು, "ನಾಲ್ಕು ಜನ ಬಂದರೆ ಎಲ್ಲಿ ಕೂರಿಸುವುದು ಮಗಾ?" ಅವರ ಮಗ, "ಅದೆಲ್ಲ ಫಾರಿನ್ ಫ್ಯಾಷನ್, ಮನೆ ಆಸ್ಪತ್ರೆ ತರ ಕಾಣುತ್ತೆ" ಅಂದ.

ಫಾರಿನ್ ಅನ್ನುವುದು ಅರ್ಧ ನಿಜ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಶಾಲೆ ಶುರುವಾಯಿತು. ಬೇಡದ ಅಲಂಕಾರ ಬಿಟ್ಟು, ಕೆಲಸಕ್ಕೆ ತಕ್ಕ ಆಕಾರ ಕೊಡಿ ಅನ್ನುವ ಮಾತು ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಆದರೆ ನಮ್ಮ ಊರಿನ ಐನ್‌ಮನೆಗಳ, ಅಂದರೆ ಮನೆತನದ ಮೂಲ ಮನೆಗಳ, ಕೈಯಾಲೆಯಲ್ಲಿ (ಜಗಲಿಯಲ್ಲಿ) ಕಂಬದಿಂದ ಕಂಬಕ್ಕೆ ಕೂರಿಸಿದ ಐಮರಕ್ಕೆ ಯಾವ ಜರ್ಮನಿಯವರು ನಕ್ಷೆ ಬರೆದುಕೊಟ್ಟರು? ಒಂದು ಅಗಲ ಹಲಗೆ ಅಷ್ಟೇ. ಸಾಲಾಗಿ ಹತ್ತು ಜನ ಕೂರಬಹುದು, ಕಂಬಕ್ಕೆ ಒರಗಬಹುದು, ಮಳೆ ನೋಡಬಹುದು. ಕೊಡವರ ಮದುವೆಯಲ್ಲಿ ಕೂರಿಸುವ ಮುಕ್ಕಾಲಿ ನೋಡಿ. ಹೆಸರೇ ಹೇಳುವಂತೆ ಮೂರು ಕಾಲು. ಹಳೇ ಮನೆಗಳ ಅಂಕುಡೊಂಕು ನೆಲದಲ್ಲೂ ಮೂರು ಕಾಲಿನ ಪೀಠ ಅಲುಗುವುದಿಲ್ಲ. ನಾಲ್ಕು ಜನರನ್ನು ಎಲ್ಲಿ ಕೂರಿಸುವುದು ಅನ್ನುವ ಪ್ರಶ್ನೆಗೆ ನಮ್ಮ ಹಿರಿಯರು ಯಾವತ್ತೋ ಉತ್ತರ ಕೊಟ್ಟಿದ್ದಾರೆ.

ಚಂಡೀಗಢದ ಕುರ್ಚಿಯ ಕಥೆಯನ್ನೂ ಅತ್ತೆಗೆ ಹೇಳಿದೆ. 1950ರ ದಶಕದಲ್ಲಿ ಆ ಊರು ಕಟ್ಟುವಾಗ ಪಿಯರೆ ಜನ್ನರೆ ಎಂಬ ಸ್ವಿಸ್ ವಾಸ್ತುಶಿಲ್ಪಿ ಸರ್ಕಾರಿ ಕಚೇರಿಗಳಿಗೆ ತೇಗ ಮತ್ತು ಬೆತ್ತದ ಕುರ್ಚಿ ಮಾಡಿಸಿದ. ಸರಳ ಕುರ್ಚಿ. ಬೆತ್ತದ ಹೆಣಿಗೆಯಲ್ಲಿ ಗಾಳಿಯಾಡುತ್ತದೆ. ವರ್ಷಗಳಾದ ಮೇಲೆ ಅವನ್ನು ಹಳೇ ಸಾಮಾನು ಅಂತ ರಾಶಿ ಹಾಕಿದರು, ಗುಜರಿ ಬೆಲೆಗೆ ಮಾರಿದರು. ಈಗ ಅವೇ ಕುರ್ಚಿಗಳು ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗುತ್ತಿವೆ. ಇದನ್ನು ಹೇಳುವಾಗ ನನ್ನ ಕಣ್ಣು ಪೂರ್ತಿ ಹಿಂದಿನ ಬಾಗಿಲ ಕಡೆಗೇ ಇತ್ತು.

ವಯಸ್ಸಾದವರಿಗೆ ಮೆತ್ತಗಿನ ಸೋಫಾ ಬೇಕು ಅನ್ನುವವರಿದ್ದಾರೆ. ಅಮ್ಮನ ಮಂಡಿ ನೋವು ನಿಮಗೆ ಗೊತ್ತು. ಆ ಹಳ್ಳದಂಥ ಸೋಫಾದಿಂದ ಅಮ್ಮನನ್ನು ನಿನ್ನೆ ಇಬ್ಬರು ಹಿಡಿದು ಎಬ್ಬಿಸಿದೆವು. ನಮ್ಮ ಮನೆಯ ಬೆತ್ತದ ಕುರ್ಚಿಯಿಂದ ಅವರು ಕೈ ಊರಿ ತಾವೇ ಏಳುತ್ತಾರೆ. ಮೆತ್ತಗೆ ಬೇಕಿದ್ದರೆ ತೆಳು ದಿಂಬು ಹಾಕಿ. ಒದ್ದೆಯಾದರೆ ಒಲೆ ಹತ್ತಿರ ಒಣಗಿಸಬಹುದು.

ಹಾಗಂತ ಮಿನಿಮಲಿಸ್ಟ್ ಅಂತ ಮಾರುವುದೆಲ್ಲ ಒಳ್ಳೆಯದಲ್ಲ. ನಾನೇ ಒಂದು ಬಿಳಿ ಟಿವಿ ಸ್ಟ್ಯಾಂಡ್ ತಂದಿದ್ದೆ. ನೋಡಲು ಚೆಂದ. ಒಳಗೆ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ಅಂಚಿನ ಪಟ್ಟಿ ಎದ್ದ ಜಾಗದಿಂದ ತೇವ ಹೀರಿತು. ಜೋರು ಮಳೆಯ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ ರೊಟ್ಟಿಯಂತೆ ಊದಿತ್ತು. ಒಮ್ಮೆ ಊದಿದರೆ ಮತ್ತೆ ಇಳಿಯುವುದಿಲ್ಲ. ಗಟ್ಟಿ ಮರದ್ದು ಒಂದೇ ಸಾಕು, ಇಂಥದ್ದು ನಾಲ್ಕು ಬೇಡ.

ಇಷ್ಟೆಲ್ಲ ಸಿಟ್ಟು ಯಾಕೆ ಅಂತ ಕೇಳುತ್ತೀರಿ. ಹೇಳುತ್ತೇನೆ, ಇದನ್ನು ಯಾವತ್ತೂ ಬರೆದಿಲ್ಲ.

2018ರ ಆಗಸ್ಟ್. ಮಡಿಕೇರಿ ಹತ್ತಿರದ ಮಕ್ಕಂದೂರು ಕಡೆ ಗುಡ್ಡ ಜಾರುತ್ತಿತ್ತು. ನಮಗೂ ಮನೆ ಬಿಡಿ ಅಂದರು. ಕತ್ತಲಲ್ಲಿ ಹೊರಟೆವು. ಕೈಗೆ ಸಿಕ್ಕಿದ್ದು ಕಾಗದ ಪತ್ರದ ಚೀಲ, ಅಮ್ಮನ ಮಾತ್ರೆ, ಎರಡು ಕಂಬಳಿ. ನಾವು ಸಾಲ ಮಾಡಿ ಕೊಂಡ ಸೋಫಾ ಸೆಟ್, ಮೂರು ಬಾಗಿಲಿನ ಬೀರು ಎಲ್ಲ ಅಲ್ಲೇ ಉಳಿಯಿತು. ವಾರಗಳ ನಂತರ ಬಂದಾಗ ಹಾಲ್‌ನಲ್ಲಿ ಮೊಣಕಾಲಿನವರೆಗೆ ಕೆಸರು. ಸೋಫಾ ಕೆಸರು ಕುಡಿದು ನಾಲ್ಕು ಜನ ಎತ್ತಿದರೂ ಏಳಲಿಲ್ಲ. ಕತ್ತಿಯಲ್ಲಿ ಕಡಿದು ತುಂಡು ತುಂಡಾಗಿ ಹೊರಗೆ ಹಾಕಿದೆವು. ಸಾಲದ ಕಂತು ಇನ್ನೂ ಬಾಕಿ ಇತ್ತು. ಅಮ್ಮ ಅವತ್ತು ಅತ್ತದ್ದನ್ನು ನಾನು ಮರೆತಿಲ್ಲ.

ಅಜ್ಜನ ಬೆಂಚೂ ಅದೇ ಕೆಸರಿನಲ್ಲಿತ್ತು. ನಾನು ಮತ್ತು ಅತ್ತೆ ಇಬ್ಬರೇ ಎತ್ತಿ ಹೊರಗೆ ತಂದೆವು. ತೊಳೆದೆವು. ನೆರಳಲ್ಲಿ ನಿಧಾನವಾಗಿ ಒಣಗಿಸಿದೆವು. ಆಮೇಲೆ ಮನೆಗೆ ಬಂದವರೆಲ್ಲ, ಅಕ್ಕಿ ಬೇಳೆ ತಂದುಕೊಟ್ಟ ಹುಡುಗರು ಕೂಡ, ಕೂತದ್ದು ಅದರ ಮೇಲೆಯೇ. ಊರಿಗೆಲ್ಲ ನಾವು ಕೂರಿಸಲು ಕೊಟ್ಟ ಜಾಗ ಅದೊಂದೇ.

ಅದನ್ನೇ ಅತ್ತೆ ಮಳೆಗೆ ಹಾಕಿದ್ದರು. ಕೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೊಸ ಮನೆಗೆ ಒಪ್ಪುವುದಿಲ್ಲ ಅಂತ ಎಲ್ಲರೂ ಹೇಳಿದರು" ಅಂದರು. ಅವರ ದನಿ ಸಣ್ಣದಾಗಿತ್ತು. ನಾನು ಜಾಸ್ತಿ ಮಾತಾಡಿದೆ ಅನಿಸಿತು. ಅತ್ತೆ, ಇದನ್ನು ಓದುತ್ತಿದ್ದರೆ, ದನಿ ಏರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ನಾಳೆ ಮಳೆ ಸ್ವಲ್ಪ ಬಿಟ್ಟರೆ ಜೀಪ್ ತಗೊಂಡು ಹೋಗುತ್ತೇನೆ. ಬೆಂಚಿನ ಒಂದು ಕಾಲು ಸಡಿಲವಾಗಿದೆ, ಬೆಣೆ ಕೊಳೆತಿದೆ. ಸುಂಟಿಕೊಪ್ಪ, ಮಾದಾಪುರ ಕಡೆ ಮೊಳೆ ಹೊಡೆಯದೆ ಹಳೇ ರೀತಿಯಲ್ಲೇ ಸರಿ ಮಾಡಿಕೊಡುವ ಆಚಾರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.