ತಯಾರಿ ಏನ್ ಬಂತೋ, ಎದ್ದೆ, ಹೊಂಟೆ

ನಮ್ಮನೆಗೆ ಬಂದಿದ್ದ ಎದುರುಮನೆಯವರ ಪಾರ್ಸೆಲ್ ಕೊಟ್ಟು ಬರೋಣ ಅಂತ ಹೋದರೆ, ಆಯಮ್ಮ ಅಡುಗೆಮನೆಯ ತಕ್ಕಡಿ ಮೇಲೆ ಹಲ್ಲುಜ್ಜೋ ಬ್ರಷ್ ಇಟ್ಟು ತೂಗುತ್ತಿದ್ದರು. ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಗರಗಸದಲ್ಲಿ ಕೊಯ್ದಿದ್ದರು. "ಎಂಟು ಗ್ರಾಂ ಉಳೀತು" ಅಂದರು. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ನಾನಿರುವುದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ, ಇಪ್ಪತ್ತು ವರ್ಷದ ಮೇಲಾಯಿತು. ಆಯಮ್ಮನಿಗೆ ಅರವತ್ತೊಂಬತ್ತು. ಬರುವ ವಸಂತಕ್ಕೆ ಸ್ಪೇನಿನಲ್ಲಿರುವ ಕ್ರೈಸ್ತರ ಯಾತ್ರಾಸ್ಥಳ ಸಂತಿಯಾಗೊ ದೆ ಕಂಪೊಸ್ತೆಲಾಕ್ಕೆ ನಡೆದು ಹೋಗುವವರಿದ್ದರು. ಅಲ್ಲಿಗೆ ದಾರಿಗಳು ಹಲವಾರಿವೆ. ಇವರು ಹಿಡಿದದ್ದು ಫ್ರಾನ್ಸಿನ ಗಡಿಯಂಚಿನಿಂದ ಹೊರಡುವ ದಾರಿ, ಸುಮಾರು 780 ಕಿಲೋಮೀಟರು, ಐದು ವಾರದ ನಡಿಗೆ. ಮೊದಲ ದಿನವೇ ಪಿರನೀಸ್ ಪರ್ವತ ಹತ್ತಬೇಕು.

ನನಗೂ ಹೇಳಿಕೊಳ್ಳೋಕೆ ಒಂದಿತ್ತಲ್ಲ. ಎದೆಯುಬ್ಬಿಸಿ ಹೇಳಿದೆ: ನಮ್ಮ ದಾವಣಗೆರೆಯಿಂದಲೂ ಪ್ರತಿ ವರ್ಷ ಸಾವಿರಾರು ಜನ ಕೊಟ್ಟೂರು ಬಸವೇಶ್ವರನ ತೇರಿಗೆ ನಡೆದು ಹೋಗ್ತಾರೆ, ನಮ್ಮ ದೊಡ್ಡವ್ವ ಎಪ್ಪತ್ತು ದಾಟಿದರೂ ತಪ್ಪಿಸಿಲ್ಲ, ಅದೂ ಬರಿಗಾಲಲ್ಲಿ. ಆಯಮ್ಮ ಕಣ್ಣರಳಿಸಿ ಕೇಳಿದರು, "ಹೌದಾ? ಅವರು ತಯಾರಿ ಹೇಗೆ ಮಾಡ್ಕೋತಾರೆ?"

ಬಾಯಿ ಕಟ್ಟಿತು. ಆವತ್ತು ರಾತ್ರಿಯೇ ಫೋನ್ ಮಾಡಿದೆ. ದೊಡ್ಡವ್ವ ಮೊದಲು ನನಗೇನೋ ಆಗಿದೆ ಅಂತ ಗಾಬರಿಯಾದಳು, ಆಮೇಲೆ ನಕ್ಕಳು. "ತಯಾರಿ ಏನ್ ಬಂತೋ? ಎದ್ದೆ, ಹೊಂಟೆ."

ಈ ಉತ್ತರವನ್ನು ಆಯಮ್ಮನಿಗೆ ಜರ್ಮನ್ನಿನಲ್ಲಿ ಹೇಳೋದು ಹೇಗೆ?

ಅವರ ತಯಾರಿ ಶುರುವಾದದ್ದು ಹಿಂದಿನ ಶರತ್ಕಾಲದಲ್ಲಿ. ಮೊದಲು ಡಾಕ್ಟರ ಹತ್ತಿರ ಹೋಗಿ ಎದೆ, ಮಂಡಿ ತೋರಿಸಿದರು. ಆಮೇಲೆ ಬೂಟು. ನಡೆದು ನಡೆದು ಪಾದ ಊದುವುದರಿಂದ ಒಂದು ಸೈಜು ದೊಡ್ಡದೇ ಬೇಕಂತೆ, ಅದನ್ನೂ ಕಾಲು ಊದಿರುವ ಸಂಜೆ ಹೊತ್ತಲ್ಲೇ ಹೋಗಿ ಕೊಳ್ಳಬೇಕಂತೆ. ಬೆನ್ನಿನ ಚೀಲ ಮೈತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು ಅನ್ನೋದು ಆ ದಾರಿಯವರ ಬಾಯಲ್ಲಿರುವ ಲೆಕ್ಕ. ಆಯಮ್ಮ ಅರವತ್ತು ಕೆ.ಜಿ., ಹಾಗಾಗಿ ಚೀಲ ಆರು ಕೆ.ಜಿ. ಬ್ರಷ್ಷಿನ ಹಿಡಿಗೆ ಗರಗಸ ಬಿದ್ದದ್ದು ಇದಕ್ಕೇ. ಆ ಚೀಲಕ್ಕೆ ನೀರಿನ ಬಾಟಲಿ ತುಂಬಿಕೊಂಡು ಮೂರು ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು, ಚಳಿಗಾಲ ಪೂರ್ತಿ. ಫೆಬ್ರವರಿ ಬಂದ ಮೇಲೆ ಶನಿವಾರ, ಭಾನುವಾರ ಎರಡೂ ದಿನ ಇಪ್ಪತ್ತು ಇಪ್ಪತ್ತು ಕಿಲೋಮೀಟರು. "ಮೊದಲ ದಿನ ಯಾರು ಬೇಕಾದ್ರೂ ನಡೀತಾರೆ, ಮರುದಿನ ಎದ್ದು ನಡೀತೀವಾ ಅನ್ನೋದೇ ಪರೀಕ್ಷೆ" ಅನ್ನುತ್ತಿದ್ದರು.

ಪಾದಕ್ಕೆ ಹಚ್ಚೋಕೆ ಒಂದು ಟ್ಯೂಬು ಇತ್ತು, ಹಿರ್ಶ್‌ಟಾಲ್ಗ್ ಅಂತ. ಇಲ್ಲಿ ದೂರ ನಡೆಯುವವರೆಲ್ಲ ಹಚ್ಚಿಕೊಳ್ತಾರೆ, ಬೊಬ್ಬೆ ಬರಲ್ಲ ಅಂತ. ದೊಡ್ಡವ್ವನಿಗೂ ಒಂದು ಕಳಿಸೋಣ ಅಂತ ಅಂಗಡಿಯಲ್ಲಿ ಕೈಗೆತ್ತಿಕೊಂಡವನು ಮೇಲಿನ ಚಿತ್ರ ನೋಡಿ ತಣ್ಣಗೆ ವಾಪಸ್ ಇಟ್ಟೆ. ಜಿಂಕೆ ಕೊಬ್ಬು! ದಿನಾ ಇಷ್ಟಲಿಂಗ ಪೂಜೆ ಮಾಡೋ ಮನೆಗೆ ಅದನ್ನು ಪಾರ್ಸೆಲ್ ಮಾಡಿದ್ದರೆ ಮುಂದಿನ ಸಲ ನನ್ನನ್ನು ಹೊಸಿಲು ದಾಟಿಸುತ್ತಿರಲಿಲ್ಲ.

ಒಪ್ಪಲೇಬೇಕು, ಈ ಶಿಸ್ತು ನೋಡಿ ನಮ್ಮವರ ಮೇಲೆ ಸಿಟ್ಟು ಬಂತು. ನಮ್ಮ ಚಿಕ್ಕಪ್ಪನ ಮಗ ದಿನಾ ಬೆಳಗ್ಗೆ ಕುಂದವಾಡ ಕೆರೆ ಏರಿ ಮೇಲೆ ಐದು ಸಾವಿರ ರೂಪಾಯಿ ಬೂಟು ಹಾಕ್ಕೊಂಡು, ಕೈಗಡಿಯಾರದಲ್ಲಿ ಹೆಜ್ಜೆ ಎಣಿಸ್ತಾ ವಾಕಿಂಗ್ ಮಾಡ್ತಾನೆ. ಕೊಟ್ಟೂರಿಗೆ ಮಾತ್ರ ಕಾರಲ್ಲಿ ಹೋಗ್ತಾನೆ. ವರ್ಷಪೂರ್ತಿ ಅಡುಗೆಮನೆಯಿಂದ ಹಿತ್ತಲಿಗೆ ಬಿಟ್ಟರೆ ಎಲ್ಲೂ ನಡೆಯದ ಅವನ ಹೆಂಡತಿ, ಹರಕೆ ಅಂತ ಒಂದೇ ಸಲ ಮೂರು ದಿನ ಬಿಸಿಲಲ್ಲಿ ನಡೆದು ಹದಿನೈದು ದಿನ ಮಂಚ ಹಿಡಿದಿದ್ದಳು. ನಾನೇನು ಕಮ್ಮಿ? ಪಿಯುಸಿ ಓದುವಾಗ ಹವಾಯಿ ಚಪ್ಪಲಿಯಲ್ಲಿ ಹೊರಟು, ಅರ್ಧ ದಾರಿಗೇ ಹಿಮ್ಮಡಿ ಬೊಬ್ಬೆ ಒಡೆದು, ಎಲ್ಲರ ಬ್ಯಾಗು ಹೇರಿದ್ದ ಟ್ರ್ಯಾಕ್ಟರಿನಲ್ಲಿ ಬ್ಯಾಗುಗಳ ಮೇಲೆ ಕೂತು ಕೊಟ್ಟೂರು ಸೇರಿದವನು. "ಕೊಟ್ಟೂರು ದೊರೆಯೇ ನಿನಗ್ಯಾರು ಸರಿಯೇ" ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವನೂ ನಾನೇ. ಕೂಗೋಕೆ ಕಾಲು ಬೇಕಿರಲಿಲ್ಲವಲ್ಲ.

ಆದರೂ ಸಂಕ್ರಾಂತಿ ಕಳೆದ ಮೇಲೆ ರಜಕ್ಕೆ ಊರಿಗೆ ಹೋದಾಗ ಕಣ್ಣಾರೆ ಕಂಡದ್ದು ಬೇರೆ.

ಕೊಟ್ಟೂರ ತೇರು ಮಾಘ ಬಹುಳದಲ್ಲಿ. ಅದಕ್ಕೆ ತಿಂಗಳು ಮುಂಚೆಯೇ ದೊಡ್ಡವ್ವನ ಓಡಾಟ ಶುರುವಾಗಿತ್ತು, ಆದರೆ ಓಣಿಯೊಳಗೆ. ಅವಳ ಗುಂಪಿನಲ್ಲಿ ಹನ್ನೊಂದು ಜನ ಹೆಂಗಸರು. ಯಾರಿಗೆ ಸಕ್ಕರೆ ಕಾಯಿಲೆ, ಯಾರು ರಾತ್ರಿ ಎರಡು ಸಲ ಏಳ್ತಾರೆ, ಯಾರ ಸೊಸೆಗೆ ಒಂಬತ್ತು ತುಂಬಿದೆ, ಯಾರ ಗಂಡ ಕೊನೇ ಗಳಿಗೆಯಲ್ಲಿ ಬ್ಯಾಡ ಅಂತಾನೆ, ಎಲ್ಲ ಬಾಯಲ್ಲೇ ಇತ್ತು. ಎಮ್ಮೆ ಇದ್ದವರ ಎಮ್ಮೆ ಹಾಲು ಕರೆಯೋಕೆ ಜನ ಗೊತ್ತು ಮಾಡಿದ್ದಳು. ಇಬ್ಬರ ನಡುವೆ ಚೀಟಿ ದುಡ್ಡಿನ ವಿಷಯಕ್ಕೆ ಎಂಟು ತಿಂಗಳಿಂದ ಮಾತಿರಲಿಲ್ಲ. ಒಂದು ಸಂಜೆ ಇಬ್ಬರನ್ನೂ ಕಟ್ಟೆ ಮೇಲೆ ಕೂರಿಸಿ, ನಡುವೆ ಒಂದು ಪೇಪರ್ ಹಾಸಿ ಮಂಡಕ್ಕಿ, ಮಿರ್ಚಿ ಸುರುವಿ, "ಮುಖ ತಿರುವಿಕೊಂಡು ಅಷ್ಟು ದೂರ ನಡಿಯಾಕೆ ಆಕೈತೇನ್ರೇ? ಬಗೆಹರಿಸ್ಕಳ್ರಿ" ಅಂದಳು. ಆರುನೂರು ರೂಪಾಯಿ ಇವಳು ಬಿಡೋದು, ನಾನೂರು ಅವಳು ಕೊಡೋದು ಅಂತ ತೀರ್ಮಾನ ಆಗೋ ಹೊತ್ತಿಗೆ ಮಿರ್ಚಿ ಖಾಲಿಯಾಗಿತ್ತು.

ಇದನ್ನೆಲ್ಲ ಅವಳು ತಯಾರಿ ಅಂತ ಅಂದುಕೊಂಡೇ ಇಲ್ಲ. ಕೇಳಿದರೆ ಎದ್ದೆ, ಹೊಂಟೆ ಅಂತಾಳೆ.

ಎದುರುಮನೆಯವರು ಒಬ್ಬರೇ ಹೋಗ್ತಾರೆ. ಒಬ್ಬರೇ ಹೋಗೋದೇ ಉದ್ದೇಶ, ಜೊತೆ ಸಿಕ್ಕರೆ ತಪ್ಪಿಸಿಕೊಳ್ತೀನಿ ಅಂದಿದ್ದರು. ಹ್ಯಾಂಬರ್ಗಿನಲ್ಲಿರುವ ಮಗನಿಗೆ ದಿನಾಂಕವನ್ನು ಈಮೇಲ್ ಮಾಡಿದ್ದರು, ಅಷ್ಟೇ. ಎಲ್ಲ ತಾನೇ ಹೊರಬೇಕು, ಬಿದ್ದರೆ ತಾನೇ ಏಳಬೇಕು ಅನ್ನುವವರಿಗೆ ಗ್ರಾಂ ಲೆಕ್ಕ ಬೇಕೇ ಬೇಕು. ದೊಡ್ಡವ್ವನ ಭಾರವನ್ನು ಟ್ರ್ಯಾಕ್ಟರು ಹೊರುತ್ತೆ, ಮಿಕ್ಕದ್ದನ್ನು ದಾರಿ ಹೊರುತ್ತೆ. ನಸುಕಿನ ಮೂರಕ್ಕೇ ಎದ್ದು ನಡೆದರೆ ಬೆಳಗಾಗೋ ಹೊತ್ತಿಗೆ ಯಾವುದೋ ಹಳ್ಳಿಯವರು ಉಪ್ಪಿಟ್ಟಿನ ಕೊಪ್ಪರಿಗೆ ಇಳಿಸಿರ್ತಾರೆ. ಬಿಸಿಲೇರಿದರೆ ಮಜ್ಜಿಗೆ, ಕಲ್ಲಂಗಡಿ. ಸಂಜೆಗೆ ಗುರುತಿಲ್ಲದ ಹುಡುಗನೊಬ್ಬ ಬಿಸಿನೀರು ತಂದು "ಅಮ್ಮಾ, ಕಾಲು ಚಾಚ್ರಿ" ಅಂತಾನೆ. ನಮ್ಮ ಚಿತ್ರದುರ್ಗ ಸೀಮೆಯಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ನಡೆಯುವವರ ದಾರಿಯೂ ಹೀಗೇ. ಹೇಳಿಕೇಳಿ ಕೊಟ್ಟೂರು ಬಸವೇಶ್ವರನೂ ಆ ತಿಪ್ಪೇಸ್ವಾಮಿಯೂ ಪಂಚಗಣಾಧೀಶ್ವರರು ಅಂತ ಕರೆಯೋ ಐವರು ಸಂತರಲ್ಲಿ ಇಬ್ಬರು.

ದೊಡ್ಡವ್ವ ಸೊಸೆಯಾಗಿ ಬಂದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆ, ಕೊಟ್ಟೂರು ಬಳ್ಳಾರಿ ಜಿಲ್ಲೆ. 1997ರಲ್ಲಿ ಇದು ಬೇರೆ ಜಿಲ್ಲೆಯಾಯಿತು, 2021ರಲ್ಲಿ ಅದು ವಿಜಯನಗರಕ್ಕೆ ಸೇರಿತು. ಮಜ್ಜಿಗೆ ಮಾತ್ರ ಅದೇ ತಿರುವಿನ ಅದೇ ಬೇವಿನ ಮರದ ಕೆಳಗೆ ಸಿಗುತ್ತೆ ಅಂತಾಳೆ.

ಸ್ಪೇನಿನಲ್ಲಿ ನಡೆದವರು ಕೈಯಲ್ಲೊಂದು ಪುಸ್ತಿಕೆ ಹಿಡಿದು ತಂಗಿದಲ್ಲೆಲ್ಲ ಮುದ್ರೆ ಒತ್ತಿಸಿಕೊಳ್ಳಬೇಕು. ಕಾಲ್ನಡಿಗೆಯಲ್ಲಿ ಹೋದವರಿಗೆ 100 ಕಿಲೋಮೀಟರಾದರೂ ನಡೆದ ಗುರುತು ಇದ್ದರೇ ಪ್ರಮಾಣಪತ್ರ. ಕೊಟ್ಟೂರಲ್ಲಿ ಯಾರೂ ಕೇಳಲ್ಲ. ಕೇಳಿದ್ದರೆ ಟ್ರ್ಯಾಕ್ಟರಿನಲ್ಲಿ ಹೋದ ನನ್ನ ಗತಿ? ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆದೆ, ನನ್ನ ಲೆಕ್ಕ ಅಲ್ಲಿಗೆ ಚುಕ್ತಾ. ಈಗಲೂ ನನ್ನ ಓಟು ನಮ್ಮ ದಾರಿಗೇ. ನಡೆಯೋ ಶಕ್ತಿ ಇರೋತನಕ ಅಲ್ಲೇ ನಡೀಬೇಕು ಅಂತ ಆಸೆ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ದೊಡ್ಡಪ್ಪನ ವಿಷಯ ಬರೆಯದಿದ್ದರೆ ಸುಳ್ಳಾಗುತ್ತೆ.

ದೊಡ್ಡಪ್ಪ ಹತ್ತಿ ಮಿಲ್ಲಿನಲ್ಲಿ ದುಡಿದವನು. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಪಾದ ಎರಡೂ ಜೋಮು. ಕೆಲವು ವರ್ಷದ ಹಿಂದೆ ಅವನೂ ಬರಿಗಾಲಲ್ಲಿ ಹೊರಟ. ಮಧ್ಯಾಹ್ನದ ಡಾಂಬರಿನ ಮೇಲೆ ನಡೆದು ಅಂಗಾಲು ಸುಟ್ಟದ್ದು ಅವನಿಗೆ ತಿಳಿಯಲೇ ಇಲ್ಲ. ಸಂಜೆ ಯಾರೋ ಪುಣ್ಯಾತ್ಮರು ಆ ಬೊಬ್ಬೆಯ ಮೇಲೇ ಎಣ್ಣೆ ಹಾಕಿ ತಿಕ್ಕಿದರಂತೆ. ಇವನು ಹಾಯಾಗಿ ಕಣ್ಣುಮುಚ್ಚಿ ತಿಕ್ಕಿಸಿಕೊಂಡ. ತೇರು ಮುಗಿಸಿ ಮನೆಗೆ ಬಂದು ನಾಲ್ಕನೇ ದಿನ ಹಾಸಿಗೆ ಮೇಲೆ ಕಲೆ ಕಂಡದ್ದು ದೊಡ್ಡವ್ವನಿಗೆ. ಮೂರನೇ ವಾರ ಬಲಗಾಲಿನ ಎರಡು ಬೆರಳು ತೆಗೆದರು. "ಸ್ವಾಮಿ ಎರಡು ಬೆರಳಿಗೇ ಬಿಟ್ಟ" ಅಂತ ಈಗಲೂ ಹೇಳ್ತಾನೆ, ಬಂದವರಿಗೆಲ್ಲ ತೋರಿಸ್ತಾನೆ.

ಎದುರುಮನೆಯವರ ಆರು ಕೆ.ಜಿ.ಯಲ್ಲಿ ಅಂಗೈಯಗಲದ ಕನ್ನಡಿಯೊಂದಿತ್ತು. ಇಷ್ಟೆಲ್ಲ ತೂಗಿ ತೂಗಿ ಕನ್ನಡಿ ಯಾಕೆ ಅಂತ ಕೇಳಿದ್ದೆ. ರಾತ್ರಿ ಮಲಗೋ ಮುಂಚೆ ಅಂಗಾಲು ನೋಡಿಕೊಳ್ಳೋಕೆ ಅಂದಿದ್ದರು. ಆಗ ನಾನು ಮಾತು ಬೇರೆ ಕಡೆ ತಿರುಗಿಸಿದ್ದೆ.

ಅವರು ಹೊರಟ ಮೇಲೆ ದೊಡ್ಡವ್ವನಿಗೆ ಎರಡು ಜೊತೆ ಸಾಕ್ಸು ಕಳಿಸಿದೆ, ಎರಡು ಪದರದವು, ಉಜ್ಜಿದರೂ ಬೊಬ್ಬೆ ಏಳದಂಥವು. ಬೂಟಿನ ಮಾತೆತ್ತಿದರೆ ಫೋನ್ ಇಡ್ತಾಳೆ ಅಂತ ಗೊತ್ತಿತ್ತು. ಪಾರ್ಸೆಲ್ ಮುಟ್ಟಿದ ದಿನ ಅವಳೇ ಮಾಡಿದಳು.

"ಇದರಾಗ ಚರ್ಮ ಗಿರ್ಮ ಇಲ್ಲಲ್ಲ?"

"ಇಲ್ಲ ದೊಡ್ಡವ್ವಾ. ನೂಲು, ನೈಲಾನು."

"ಹಂಗಾರೆ ಬಟ್ಟೆನೇ ಆತು ಬಿಡು. ಬಟ್ಟೆ ಸುತ್ತಿಕೊಂಡ್ರೆ ಸ್ವಾಮಿ ಏನಂತಾನೆ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇನ್ನೂ ಒಂಬತ್ತು ಜೊತಿ ಕಳಿಸಪ್ಪ."

ಒಂದು ಜೊತೆಗೆ ಹದಿನೆಂಟು ಯೂರೋ ಅಂತ ಹೇಳೋಕೆ ಬಾಯಿ ತೆಗೆದೆ.

"ಹನ್ನೊಂದು ಮಂದಿ ಅದೀವಿ" ಅಂದಳು. "ನಾನೊಬ್ಬಾಕಿ ಹಾಕ್ಕೊಂಡು ನಡಿಯಾಕೆ ಆಕೈತೇನು?"