ಹಂದಿಗೆ ಇಟ್ಟ ವಿಷ, ಸತ್ತಿದ್ದು ನಮ್ಮ ನಾಯಿ

ಯಾರು ಇಟ್ಟರು ಅಂತ ಊರಿಗೆಲ್ಲ ಗೊತ್ತು. ನನಗೂ ಗೊತ್ತು. ಆದರೆ ಎದುರಿಗೆ ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. "ಹೋಗ್ಲಿ ಬಿಡಿ ಮಾರಾಯ್ರೆ, ನಾಯಿ ತಾನೇ, ಇನ್ನೊಂದು ಮರಿ ತಂದರಾಯ್ತು" ಅನ್ನುತ್ತಾರೆ. ಈ ಸಮಾಧಾನ ಕೇಳಿ ಕೇಳಿ ತಲೆ ಕೆಟ್ಟು ಹೋಗಿದೆ. ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ, ಬೇಕಾದವರು ಓದಿ, ಬೇಡದವರು ಮುಂದೆ ಹೋಗಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು "ಪಾಪ ಮೂಕಪ್ರಾಣಿಗಳು" ಅಂತ ಕಣ್ಣೀರು ಹಾಕುವ ಪೈಕಿ ಅಲ್ಲ. ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟ, ನಡುವೆ ಬಾಳೆ, ಮೆಣಸು, ಕೆಳಗೆ ಒಂದು ತುಂಡು ಗದ್ದೆ. ಹಂದಿ ಅಂದರೆ ಏನು ಅಂತ ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಭತ್ತ ಹಾಲು ತುಂಬುವ ಹೊತ್ತಿಗೆ ಒಂದು ಹಿಂಡು ಇಳಿದರೆ ಸಾಕು, ಬೆಳಗ್ಗೆ ಹೋಗಿ ನೋಡಿದರೆ ತಿಂದಿದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದೇ ಜಾಸ್ತಿ. ಎರೆಹುಳ ಹುಡುಕುತ್ತಾ ಬದು ಪೂರ್ತಿ ಅಗೆದು ಹಾಕುತ್ತವೆ, ಹೊಸದಾಗಿ ನೆಟ್ಟ ಅಡಿಕೆ ಸಸಿಯ ಬುಡ ಎತ್ತಿ ಒಗೆಯುತ್ತವೆ. ಮಂಗನದ್ದು ಬೇರೆಯೇ ಪುರಾಣ. ಎಳೆ ಅಡಿಕೆ ಕಿತ್ತು, ಕಚ್ಚಿ, ರಸ ಹೀರಿ, ಕೆಳಗೆ ಎಸೆದು ಮತ್ತೊಂದಕ್ಕೆ ಕೈ ಹಾಕುವುದು. ಮರದ ಕೆಳಗೆ ಹಸಿರು ಕಾಯಿ ಹಾಸಿಕೊಂಡು ಬಿದ್ದಿರುವುದನ್ನು ನೋಡಿದಾಗ ಎಂಥ ಸಾಧುವಿಗೂ ಬಾಯಲ್ಲಿ ಕೆಟ್ಟ ಮಾತು ಬರುತ್ತದೆ.

ಹಾಗಾಗಿ ಕೋಪ ಬಂದವರ ಕೋಪ ನನಗೆ ಅರ್ಥವಾಗುತ್ತದೆ. ಪರಿಹಾರ ಅನ್ನುತ್ತಾರಲ್ಲ, ಅದಕ್ಕೆ ಅರ್ಜಿ ಹಾಕಿ ನೋಡಿ. ಪಹಣಿ ತನ್ನಿ, ಫೋಟೋ ತನ್ನಿ, ಪಾಸ್‌ಬುಕ್ ತನ್ನಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆಯಾ, ಹಾಗಾದರೆ ವಂಶವೃಕ್ಷ ತನ್ನಿ, ಅಣ್ಣತಮ್ಮಂದಿರ ಒಪ್ಪಿಗೆ ತನ್ನಿ. ಮುಂಬೈಯಲ್ಲಿರುವ ಚಿಕ್ಕಪ್ಪನ ಮಗನ ಸಹಿಗೆ ಕಾಯುವಷ್ಟರಲ್ಲಿ ಮುಂದಿನ ಬೆಳೆಯನ್ನೂ ಹಂದಿ ತಿಂದಿರುತ್ತದೆ. ಕೋವಿ ಇದ್ದವರದ್ದು ಇನ್ನೊಂದು ಗೋಳು. ಬೆಳೆ ರಕ್ಷಣೆಗೆ ಅಂತಲೇ ಲೈಸೆನ್ಸ್ ಕೊಟ್ಟಿರುತ್ತಾರೆ, ಚುನಾವಣೆ ಬಂತು ಅಂದರೆ ಠಾಣೆಗೆ ಒಯ್ದು ಇಟ್ಟು ಬನ್ನಿ ಅನ್ನುತ್ತಾರೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ, ಒಂದಾದ ಮೇಲೊಂದು. ನೀತಿ ಸಂಹಿತೆ ನಮಗಷ್ಟೇ, ಹಂದಿಗಲ್ಲ.

ಇದೆಲ್ಲ ನಿಜ. ಆದರೆ ಇದಕ್ಕೆ ಉತ್ತರ ಅಂತ ಹಳಸಿದ ಅನ್ನಕ್ಕೆ ಒಣಮೀನು ಕಲಸಿ, ಅದರೊಳಗೆ ಹರಳು ಮದ್ದು, ಅಂದರೆ ಹರಳಿನ ರೂಪದ ಕೀಟನಾಶಕ ಬೆರೆಸಿ, ನಾಲ್ಕು ಮನೆಯವರು ಓಡಾಡುವ ದಾರಿಯ ಬದುವಿನ ಮೇಲೆ ಇಟ್ಟು ಬರುತ್ತಾರಲ್ಲ, ಅವರಿಗೆ ಏನು ಹೇಳೋಣ?

ನಮ್ಮ ನಾಯಿ ಕೆಂಚ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ತೋಟದ ಕಡೆಯಿಂದ ಬಂದ. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಹಿಂಗಾಲು ನಿಲ್ಲುತ್ತಿರಲಿಲ್ಲ, ಮೈಯೆಲ್ಲ ಅದುರುತ್ತಿತ್ತು, ಕಣ್ಣಿನ ಪಾಪೆ ಸಣ್ಣ ಚುಕ್ಕಿಯಾಗಿತ್ತು. ನೋಡಿದ ತಕ್ಷಣ ಗೊತ್ತಾಯಿತು. ಈ ಜಾತಿಯ ಕೀಟನಾಶಕ ಹೊಟ್ಟೆಗೆ ಹೋದರೆ ನರಕ್ಕೆ ಹೊಡೆಯುತ್ತದೆ, ಬೇಗ ಅಟ್ರೋಪಿನ್ ಇಂಜೆಕ್ಷನ್ ಬಿದ್ದರೆ ಕೆಲವು ಸಲ ಉಳಿಯುತ್ತದೆ. ದನದ ಡಾಕ್ಟರಿಗೆ ಫೋನ್ ಮಾಡಿದರೆ ಅವರು ಇನ್ನೊಂದು ಹೋಬಳಿಯ ಕ್ಯಾಂಪಿನಲ್ಲಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಪಾಪ ಎರಡು ಮೂರು ಆಸ್ಪತ್ರೆಗೆ ಒಬ್ಬರೇ. ಜೀಪಿಗೆ ಹಾಕಿಕೊಂಡು ಹೊರಟೆವು, ಅರ್ಧ ದಾರಿಗೆ ಮುಗಿಯಿತು. ಮನೆಗೆ ಬಂದು ಬದುವಿನ ಮೇಲೆ ಹುಡುಕಿದರೆ ಉಳಿದ ಅನ್ನ ಹಾಗೇ ಇತ್ತು. ಪಕ್ಕದಲ್ಲಿ ಒಂದು ಮುಂಗುಸಿ, ಸ್ವಲ್ಪ ಆಚೆ ಕಾಗೆಗಳು.

ಹಂದಿ? ಹಂದಿ ಮರುದಿನ ರಾತ್ರಿಯೇ ಬಂತು. ಅದೇ ಗದ್ದೆಗೆ.

ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು, ಆ ಅನ್ನದ ಹತ್ತಿರ ಕೆಲಸಕ್ಕೆ ಬಂದವರ ಮಗು ಹೋಗಿದ್ದರೆ? ಮೇಯಲು ಬಿಟ್ಟ ದನ ಮೂಸಿದ್ದರೆ? ಇದನ್ನು ಇಟ್ಟವರ ಮನೆಯಲ್ಲೂ ದನ ಇದೆ, ಮೊಮ್ಮಕ್ಕಳೂ ಇದ್ದಾರೆ. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರಿನಲ್ಲಿ ದೇವಸ್ಥಾನದ ಪ್ರಸಾದಕ್ಕೆ ಕೀಟನಾಶಕ ಬೆರೆಸಿ 17 ಜನ ಸತ್ತರಲ್ಲ, ಅದು ಬೇಕಂತಲೇ ಮಾಡಿದ ಕೊಲೆ, ಬೇರೆ ವಿಷಯ, ಒಪ್ಪಿದೆ. ಆದರೆ ಈ ಸರಕು ಅನ್ನಕ್ಕೆ ಬಿದ್ದರೆ ಏನಾಗುತ್ತದೆ ಅಂತ ಇಡೀ ರಾಜ್ಯ ಟಿವಿಯಲ್ಲಿ ನೋಡಿದೆ. ಅದಾದ ಮೇಲೂ ಅನ್ನಕ್ಕೇ ಕಲಸುತ್ತೀರಿ.

ಇನ್ನು ನಮ್ಮ ಊರಿನ ವಾಟ್ಸಾಪ್ ಗ್ರೂಪ್. ನಾನು ನಾಯಿ ಸತ್ತ ಫೋಟೋ ಹಾಕಿದೆ. ಎರಡು ಕೈ ಮುಗಿದ ಚಿತ್ರ ಬಂತು. ಆಮೇಲೆ ಒಬ್ಬರು ಬುದ್ಧಿವಂತರು ಬರೆದರು, "ನ್ಯೂಜಿಲೆಂಡಿನಲ್ಲಿ ಸರ್ಕಾರವೇ ಹೆಲಿಕಾಪ್ಟರಿನಲ್ಲಿ ವಿಷ ಉದುರಿಸುತ್ತೆ, ನಮ್ಮಲ್ಲಿ ರೈತ ಒಂದು ಹಿಡಿ ಇಟ್ಟರೆ ಅಪರಾಧ" ಅಂತ. ಅದಕ್ಕೆ ಮೂವತ್ತು ಹೆಬ್ಬೆರಳು!

ಉದುರಿಸುವುದು ನಿಜ. 1080 ಅಂತ ಅದರ ಹೆಸರು. ಆದರೆ ಅರ್ಧ ಓದಿ ಫಾರ್ವರ್ಡ್ ಮಾಡಿದರೆ ಹೇಗೆ? ಆ ದೇಶದಲ್ಲಿ ನೆಲದ ಮೇಲಿನ ಸಸ್ತನಿ ಅಂತ ಮೂಲದಲ್ಲಿ ಇದ್ದದ್ದು ಬಾವಲಿ ಮಾತ್ರ. ಇಲಿ, ಮುಂಗುಸಿಯಂಥ ಸ್ಟೋಟ್, ಮರ ಹತ್ತುವ ಪೊಸಮ್ ಎಲ್ಲ ಹೊರಗಿನಿಂದ ಜನರ ಜೊತೆ ಹೋದವು. ಅವು ಕಿವಿ ಅನ್ನುವ ಹಕ್ಕಿಯಂಥ ಹಾರಲಾರದ ಹಕ್ಕಿಗಳ ಮೊಟ್ಟೆ ಮರಿ ಎಲ್ಲ ತಿಂದು ಮುಗಿಸುತ್ತಿವೆ, ಆ ಹಕ್ಕಿ ಉಳಿಯಲಿ ಅಂತ ಅಲ್ಲಿ ವಿಷ ಹಾಕುವುದು. ಹಾಕುವ ಮೊದಲು ಅನುಮತಿ ಬೇಕು, ಸುತ್ತಮುತ್ತಲಿನವರಿಗೆ ತಿಳಿಸಬೇಕು, ದಾರಿಯಲ್ಲಿ ಎಚ್ಚರಿಕೆ ಬೋರ್ಡ್ ಹಾಕಬೇಕು, ನಾಯಿ ತರಬೇಡಿ ಅಂತ ಅದರಲ್ಲಿ ಬರೆದಿರುತ್ತದೆ. ಇಷ್ಟೆಲ್ಲ ಮಾಡಿಯೂ ಅಲ್ಲಿ ಜಗಳ ನಿಂತಿಲ್ಲ. ನಾಯಿ ಸಾಕಿದವರು, ಜಿಂಕೆ ಬೇಟೆಯವರು ಬೀದಿಗಿಳಿದು ಕೂಗಾಡಿದ್ದಾರೆ, ಅಲ್ಲಿಯದೇ ಕೀಯಾ ಅನ್ನುವ ಬೆಟ್ಟದ ಗಿಳಿಯೂ ಆ ವಿಷಕ್ಕೆ ಸತ್ತದ್ದಿದೆ. ನಮ್ಮ ಕಾಡಿನಲ್ಲಿ ಹೊರಗಿನದು ಯಾವುದು ಹೇಳಿ? ಹಂದಿ ನಮ್ಮದೇ, ಮಂಗ ನಮ್ಮದೇ. ಅದರ ಜೊತೆ ಅದೇ ದಾರಿಯಲ್ಲಿ ರಾತ್ರಿ ಓಡಾಡುವ ಪುನುಗು ಬೆಕ್ಕು, ಮುಳ್ಳುಹಂದಿ, ನರಿ, ಚಿರತೆ, ಎಲ್ಲ ನಮ್ಮದೇ. ಮೀನು ಕಲಸಿದ ಅನ್ನಕ್ಕೆ ಇವುಗಳಲ್ಲಿ ಯಾವುದು ಮೊದಲು ಬಾಯಿ ಹಾಕುತ್ತದೆ ಅಂತ ಆ ಮೂವತ್ತು ಹೆಬ್ಬೆರಳಿನವರು ಹೇಳಲಿ. ನಿಮ್ಮ ಬದುವಿನ ಮೇಲೆ ಬೋರ್ಡ್ ಎಲ್ಲಿತ್ತು ಸ್ವಾಮಿ?

ಅದೇ ಗ್ರೂಪಿನಲ್ಲಿ ಮತ್ತೊಬ್ಬರು ಕೇರಳ ನೋಡಿ ಕಲಿಯಿರಿ ಅಂದರು. ಸರಿ, ಕೇರಳವನ್ನೇ ನೋಡೋಣ. ಅಲ್ಲಿ 2022ರಲ್ಲಿ ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಂಥವರ ಕೈಗೇ ಕೊಟ್ಟರು. ಲೈಸೆನ್ಸ್ ಕೋವಿ ಇದ್ದವರನ್ನು ಕರೆದು ಹೊಡೆಸಬಹುದು. ಆದರೆ ವಿಷ, ಸ್ಫೋಟಕ, ಕರೆಂಟು ಬಳಸುವ ಹಾಗಿಲ್ಲ ಅಂತ ಅದರಲ್ಲೇ ಇದೆ. ಬಿಹಾರದಲ್ಲಿ 2015ರ ಕೊನೆಯಲ್ಲಿ ಕೇಂದ್ರ ಸರ್ಕಾರವೇ ನೀಲ್ಗಾಯ್ ಅನ್ನುವ ದೊಡ್ಡ ಹುಲ್ಲೆ, ಹಂದಿ ಎರಡನ್ನೂ ಉಪದ್ರವಿ ಪ್ರಾಣಿ ಅಂತ ಘೋಷಿಸಿತ್ತು, ಆಗಲೂ ಶೂಟರ್‌ಗಳನ್ನು ಕರೆಸಿ ಹೊಡೆಸಿದರು. ಹಂದಿಯನ್ನು ಕೊಲ್ಲಬೇಕೋ ಬೇಡವೋ ಅನ್ನುವುದು ಒಂದು ಚರ್ಚೆ. ಅದರಲ್ಲಿ ನಾನು, ಹೇಳಿದರೆ ಕೆಲವರಿಗೆ ಬೇಜಾರಾಗಬಹುದು, ಕೊಲ್ಲಲು ಬಿಡಿ ಅನ್ನುವ ಕಡೆಯವನೇ. ಲೆಕ್ಕ ಇಟ್ಟು, ಜವಾಬ್ದಾರಿ ಇರುವವರ ಕೈಯಲ್ಲಿ, ಗುಂಡಿನಿಂದ. ಗುಂಡು ಹೊಡೆಯುವವನಿಗೆ ಎದುರಿಗೆ ಇರುವುದು ಹಂದಿಯೋ ನಾಯಿಯೋ ಅಂತ ಕಾಣುತ್ತದೆ. ವಿಷ ಇಟ್ಟವನು ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾನೆ.

ಕಾನೂನು ಗೊತ್ತಿಲ್ಲ ಅನ್ನಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೋವಿ ಹಿಡಿಯುವುದಷ್ಟೇ ಅಲ್ಲ, ವಿಷ ಹಾಕುವುದೂ ಬೇಟೆಯೇ. ಅದೂ ಇರಲಿ, ಈ ವಿಷ ಸಿಗುವುದಾದರೂ ಹೇಗೆ? ಫೋರೇಟ್ ಅನ್ನುವ ಹರಳು ಮದ್ದು 2020ರ ಕೊನೆಗೇ ದೇಶದಲ್ಲಿ ಬಂದ್ ಆಗಿದೆ. ಆದರೂ ಎಷ್ಟು ಮನೆಯ ಅಟ್ಟದಲ್ಲಿ ಹಳೇ ಪೊಟ್ಟಣ ಬಿದ್ದಿದೆ ಅಂತ ಲೆಕ್ಕ ಹಾಕಿದವರು ಯಾರು? ಇನ್ನು ಅಂಗಡಿಯಲ್ಲಿ ಮಾರುವುದಕ್ಕೆ ಅನುಮತಿ ಇರುವ ಔಷಧಿಯನ್ನು ಯಾವ ಬೆಳೆಗೆ, ಯಾವ ಹುಳಕ್ಕೆ ಅಂತ ಯಾರೂ ಕೇಳುವುದಿಲ್ಲ. "ಹಂದಿಗಾ? ಇದು ಒಳ್ಳೇದು ನೋಡಿ" ಅಂತ ಕೈಗೆ ಕೊಡುತ್ತಾರೆ. ಕೌಂಟರಿನ ಈಚೆ ನಿಂತು ನಾನೇ ಕೇಳಿದ್ದೇನೆ.

ಹೋದ ವರ್ಷ, ಅದಕ್ಕೂ ಹಿಂದೆ ಅಂತ ಹುಡುಕುತ್ತಾ ಹೋದರೆ ಈ ಕಥೆಗೆ ಕೊನೆ ಇಲ್ಲ. 2021ರಲ್ಲಿ ಹಾಸನ ಜಿಲ್ಲೆಯಲ್ಲಿ 38 ಮಂಗಗಳ ಹೆಣ ರಸ್ತೆ ಬದಿಯಲ್ಲಿ ಸಿಕ್ಕಿತು, ಚೀಲದಲ್ಲಿ ತುಂಬಿ ಎಸೆದು ಹೋಗಿದ್ದರು. ಹೈಕೋರ್ಟ್ ತಾನಾಗಿಯೇ ಕೇಸು ತೆಗೆದುಕೊಂಡಿತು. 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ, ಒಟ್ಟಿಗೆ ಸತ್ತವು. ಹುಲಿ ಹಿಡಿದ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು. ಅದಾಗಿ ವಾರ ಕಳೆಯುವಷ್ಟರಲ್ಲಿ ಗುಂಡ್ಲುಪೇಟೆ ಕಡೆ ಕಂದೇಗಾಲದ ಹತ್ತಿರ ಮತ್ತೆ ಮಂಗಗಳು, ಮತ್ತೆ ಚೀಲ. ಹುಲಿ ಸತ್ತಾಗ ತನಿಖೆ, ಸಸ್ಪೆಂಡ್, ಮಂತ್ರಿಗಳ ಹೇಳಿಕೆ. ಹಸು ಕಳೆದುಕೊಂಡವನಿಗೆ ಅವತ್ತೇ ಯಾರಾದರೂ ಹೋಗಿ ದುಡ್ಡು ಕೊಟ್ಟು ಬಂದಿದ್ದರೆ ಅಷ್ಟು ದೂರ ಹೋಗುತ್ತಿತ್ತಾ ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ. ಹಾಗಂತ ಅವನು ಮಾಡಿದ್ದು ಸರಿ ಅನ್ನಲಾರೆ. ಸತ್ತ ದನಕ್ಕೆ ವಿಷ ಹಾಕಿದರೆ ಹುಲಿಗೇ ನಿಲ್ಲುವುದಿಲ್ಲ, ಅದನ್ನು ತಿನ್ನಲು ಬರುವ ರಣಹದ್ದೂ ಹೋಗುತ್ತದೆ. ಮೊದಲೇ ದನಕ್ಕೆ ಕೊಡುತ್ತಿದ್ದ ಡಿಕ್ಲೊಫೆನಾಕ್‌ನಿಂದ ಅವುಗಳ ಸಂತಾನ ಮುಗಿಯುತ್ತಾ ಬಂದು, 2006ರಲ್ಲಿ ಆ ಔಷಧಿ ನಿಲ್ಲಿಸಿದ ಮೇಲೆ ಒಂದಿಷ್ಟು ಉಳಿದುಕೊಂಡಿವೆ.

ಮಂಗನಿಗೆ ವಿಷ ಇಡುವವರಿಗೆ ಒಂದು ಮಾತು, ಮುಖ್ಯವಾಗಿ ನಮ್ಮ ಜಿಲ್ಲೆಯವರಿಗೆ. ಕ್ಯಾಸನೂರು ಎಲ್ಲಿದೆ? ಸೊರಬ ತಾಲೂಕಿನಲ್ಲಿ. 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ಅಲ್ಲೇ. ಸಾಗರದ ಅರಳಗೋಡಿನಲ್ಲಿ 2018-19ರಲ್ಲಿ ಇದೇ ಕಾಯಿಲೆಗೆ ಜನ ಸತ್ತಿದ್ದನ್ನು ಯಾರೂ ಮರೆತಿಲ್ಲ. ಮಂಗ ಸತ್ತು ಬಿದ್ದಿದೆ ಅಂದರೆ ನಮ್ಮಲ್ಲಿ ಅದೇ ಮೊದಲ ಎಚ್ಚರಿಕೆ. ಆರೋಗ್ಯ ಇಲಾಖೆಯವರು ಬಂದು, ಸ್ಯಾಂಪಲ್ ತೆಗೆದು, ಸುತ್ತ ಉಣುಗು ಸಾಯುವ ಪುಡಿ ಹೊಡೆದು, ಜನರಿಗೆ ಕಾಡಿಗೆ ಹೋಗಬೇಡಿ ಅಂತ ಹೇಳಿ, ಅಷ್ಟೆಲ್ಲ ಆಗಬೇಕು. ನೀವು ತೋಟದ ಮೂಲೆಯಲ್ಲಿ ಬಾಳೆಹಣ್ಣಿಗೆ ವಿಷ ಹಾಕಿ ಮಂಗ ಕೊಂದು, ಯಾರಿಗೂ ಗೊತ್ತಾಗದ ಹಾಗೆ ಹಳ್ಳಕ್ಕೆ ಎಸೆದು ಬಂದರೆ ಏನಾಗುತ್ತದೆ? ಹೆಣ ಕಂಡವರು ಕಾಯಿಲೆ ಬಂತು ಅಂತ ನಡುಗುತ್ತಾರೆ. ಎರಡು ಸಲ ಹೀಗಾದರೆ ಮೂರನೇ ಸಲ ನಿಜವಾಗಿ ಕಾಯಿಲೆಯಿಂದ ಸತ್ತ ಮಂಗ ಸಿಕ್ಕಾಗ "ಯಾರೋ ವಿಷ ಹಾಕಿರ್ಬೇಕು" ಅಂತ ಸುಮ್ನೆ ಇದ್ದುಬಿಡುತ್ತಾರೆ. ಸತ್ತ ಮಂಗನ ಮೈಯ ಉಣುಗು ಇಳಿದು ತರಗೆಲೆಯೊಳಗೆ ಕೂತಿರುತ್ತದೆ, ಸೊಪ್ಪಿಗೆ ದರಗಿಗೆ ಅಂತ ಹೋದ ಹೆಂಗಸರಿಗೆ ಕಚ್ಚಿ ಕಾಯಿಲೆ ಹಚ್ಚುತ್ತದೆ. ಅಡಿಕೆ ಉಳಿಸಿಕೊಳ್ಳಲು ಹೋಗಿ ಇದಾ ಬೇಕಾಗಿರೋದು?

ಪೇಟೆಯ ಪ್ರಾಣಿಪ್ರಿಯರೇ, ನಿಮಗೂ ಇದೆ. "ಕಾಡು ಒತ್ತುವರಿ ಮಾಡಿದ್ದು ನೀವೇ, ಅನುಭವಿಸಿ" ಅಂತ ಪ್ರತಿ ಸಲ ಬರೆಯುತ್ತೀರಲ್ಲ, ನಮ್ಮ ತೋಟ ನಿಮ್ಮ ಲೇಔಟಿಗಿಂತ ಹಳೇದು. ಇಡೀ ರಾತ್ರಿ ಮಾಳದಲ್ಲಿ ಕೂತು ಡಬ್ಬ ಬಡಿದು ಹಂದಿ ಓಡಿಸಿ ನೋಡಿ, ಆಮೇಲೆ ಮಾತಾಡೋಣ. ನೀವು ಹೀಗೆ ಬೈದಷ್ಟೂ ಇಲ್ಲಿ ವಿಷ ಇಡುವವರಿಗೆ ಬೆಂಬಲ ಜಾಸ್ತಿಯಾಗುತ್ತದೆ, ಇಷ್ಟಾದರೂ ತಿಳಿದುಕೊಳ್ಳಿ.

ಐಬೆಕ್ಸ್ ಬೇಲಿ, ಅಂದರೆ ಬ್ಯಾಟರಿಯಿಂದ ಸಣ್ಣ ಶಾಕ್ ಕೊಡುವ ತಂತಿ ಬೇಲಿ ಹಾಕಿಸೋಣ, ನಾಲ್ಕೂ ಮನೆಯವರು ಸೇರಿ ಒಂದೇ ಸುತ್ತು ಹಾಕಿದರೆ ಖರ್ಚು ಕಡಿಮೆ ಅಂತ ನಾನು ಮೊದಲಿಂದಲೂ ಹೇಳುತ್ತಿದ್ದೆ. ಬೇಲಿ ಯಾರ ಜಾಗದಲ್ಲಿ ಹೋಗಬೇಕು, ಬ್ಯಾಟರಿ ಯಾರ ಮನೆಯಲ್ಲಿ ಇರಬೇಕು, ಕಳೆ ಯಾರು ಸವರಬೇಕು ಅನ್ನುವಲ್ಲಿಗೆ ಮಾತು ನಿಂತಿತು. ಬೇಲಿಗೆ ಸೊಪ್ಪು ತಾಗಿದರೆ ಕರೆಂಟು ಇಳಿಯುತ್ತದೆ, ಮಳೆಗಾಲದಲ್ಲಿ ದಿನಾ ಸವರಬೇಕು, ಕಷ್ಟದ ಕೆಲಸ ಅನ್ನುವುದು ಹೌದು. ವಿಷಕ್ಕೆ ಅದ್ಯಾವುದೂ ಬೇಡ. ಒಂದು ಪೊಟ್ಟಣ, ಒಂದು ಮುಷ್ಟಿ ಅನ್ನ, ಕತ್ತಲು.

ಇಟ್ಟವರು ಇದನ್ನು ಓದುತ್ತಾರೆ ಅಂತ ನನಗೆ ಗೊತ್ತು, ಗ್ರೂಪಿನಲ್ಲಿ ಇದ್ದೀರಿ. ಉಳಿದ ಅನ್ನವನ್ನು ಡಬ್ಬದಲ್ಲಿ ಹಾಕಿ ಮುಚ್ಚಿ ಇಟ್ಟಿದ್ದೇನೆ, ಫೋಟೋನೂ ಇದೆ. ಇನ್ನೊಂದು ಸಲ ಬದುವಿನ ಮೇಲೆ ಕಂಡರೆ ಹೆಸರು ಬರೆದೇ ದೂರು ಕೊಡುತ್ತೇನೆ. ಅಡ್ಮಿನ್ ನನ್ನನ್ನು ಗ್ರೂಪಿಂದ ತೆಗೆಯುವುದಾದರೆ ತೆಗೆಯಲಿ, ಅಡಿಕೆ ಗೊನೆ ಕೊಯ್ಲಿಗೆ ಮುಯ್ಯಾಳು (ಒಬ್ಬರಿಗೊಬ್ಬರು ಕೆಲಸಕ್ಕೆ ಹೋಗುವ ಪದ್ಧತಿ) ಬರುವುದಿಲ್ಲ ಅನ್ನುವುದಾದರೆ ಬರಬೇಡಿ, ದುಡ್ಡು ಕೊಟ್ಟು ಹೊರಗಿನವರನ್ನು ಕರೆಸಿಕೊಳ್ಳುತ್ತೇನೆ.